ನೆಟ್ಟಗಾದ ಪಟ್ಟೆ

ತೊಟ್ಟಿಯಲ್ಲಿರುವುದು ಅದೇ ಮೀನೇ? ಈ ಅನುಮಾನ ನನ್ನನ್ನು ನಿಲ್ಲಲು ಬಿಡಲಿಲ್ಲ, ಕೂರಲು ಬಿಡಲಿಲ್ಲ. ಮಗಳ ಕೆಮ್ಮನ್ನು ಬಾಗಿಲಾಚೆಯಿಂದಲೇ ಪತ್ತೆ ಹಚ್ಚುವ ನನಗೆ ಮೀನಿನ ಕಾಯಿಲೆ ಯಾವ ಮಹಾ ಎಂದು ಜಂಬ ಕೊಚ್ಚಿಕೊಂಡವಳು ನಾನೇ.

ನಮ್ಮ ನಡುಮನೆಯ ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಒಂದು ಕಿತ್ತಳೆ ಬಣ್ಣದ ಮೀನಿದೆ. ಮಗಳು ಪುಟ್ಟಿ ಅದನ್ನು 'ತಮ್ಮ' ಎನ್ನುತ್ತಾಳೆ. ಅದರ ಬಿಳಿ ಪಟ್ಟೆ ಸೊಟ್ಟ, ಗುರುತಿಗೆ ಅದೇ. ಹೋದ ತಿಂಗಳು ನಮ್ಮ ಯಜಮಾನರು ಒಂದು ನೀಲಿ ಮೀನು ತಂದು, ಕೆಲವು ದಿನ ಬೇರೆ ಇಟ್ಟು ನೋಡದೆ, ಸೀದಾ ಒಳಗೆ ಬಿಟ್ಟರು. ಆಮೇಲೆ ಶುರುವಾಯಿತು. ತಮ್ಮನ ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕಿಗಳು. ಕಲ್ಲಿಗೆ ಮೈ ಉಜ್ಜುವುದು, ಏದುಸಿರು ಬಿಡುವುದು.

"ಇದು ಬಿಳಿಚುಕ್ಕಿ ರೋಗ ರೀ. ಪರೋಪಜೀವಿ ಅಂಟಿದೆ. ನಿಮ್ಮ ನೀಲಿ ಸುಂದರಿ ಕೊಟ್ಟ ಉಡುಗೊರೆ."

"ನಾಳೆ ನೋಡೋಣ ಬಿಡು."

ಮರುದಿನ ನೋಡಿದರೆ ಚುಕ್ಕಿಗಳೇ ಮಾಯ. ತಮ್ಮ ಕಲ್ಲಿಗೆ ಒರಗಿ ಒಂದೇ ಮಗ್ಗುಲು ತೋರಿಸಿಕೊಂಡು ನಿಂತಿತ್ತು. ಪಟ್ಟೆ ನೆಟ್ಟಗೆ!

"ಹಳೇದು ಸತ್ತಿದೆ. ಗುಟ್ಟಾಗಿ ಹೊಸದು ತಂದು ಬಿಟ್ಟಿದ್ದೀರಿ. ಒಪ್ಕೊಳ್ಳಿ."

"ವಾಸಿಯಾಯ್ತಲ್ಲೇ ಮಾರಾಯ್ತಿ."

"ಔಷಧಿ ಇಲ್ದೆ ವಾಸಿಯಾಗೋಕೆ ಅದೇನು ನೆಗಡಿನಾ?"

"ಪುಟ್ಟಿಗೇ ಅನುಮಾನ ಬಂದಿಲ್ಲ, ನಿನಗ್ಯಾಕೆ?"

ಇದು ತಪ್ಪೊಪ್ಪಿಗೆಯಲ್ಲದೆ ಮತ್ತೇನು? ಕಸದ ಬುಟ್ಟಿಯಲ್ಲಿ ಮೀನಂಗಡಿಯ ಚೀಲಕ್ಕಾಗಿ ತಡಕಾಡಿದೆ. ಬೇರೆ ಹೆಂಡತಿಯರು ಸೆಂಟಿನ ವಾಸನೆ ಹುಡುಕುವ ಅಂಗಿಯಲ್ಲಿ ನಾನು ಮೀನಿನ ವಾಸನೆ ಹುಡುಕಿದೆ. ಅವರೋ, ಊಟಕ್ಕೆ ಕರೆದರೂ ಹೆದರಿಕೊಂಡೇ ಬರತೊಡಗಿದರು.

ಇವತ್ತು ಅವರು ಕಚೇರಿಗೆ ಹೋದ ಮೇಲೆ ಪುಟ್ಟಿ ಕೂಗಿದಳು. "ಅಮ್ಮಾ, ತಮ್ಮನ್ ಮೇಲೆ ಯಾರೋ ಉಪ್ಪು ಚೆಲ್ಲಿದ್ದಾರೆ."

ಚುಕ್ಕಿಗಳು ಮೊದಲಿಗಿಂತ ದಟ್ಟವಾಗಿ ಮರಳಿದ್ದವು, ನೀಲಿಯ ಮೇಲೂ. ಮೊಬೈಲಿನಲ್ಲಿ ಹುಡುಕಿ ಓದಿದೆ. ಆ ಪರೋಪಜೀವಿ ಮೈಯಿಂದ ಉದುರಿ, ತಳದ ಮರಳಿನಲ್ಲಿ ಸಂತಾನ ಬೆಳೆಸಿ, ದಂಡು ಕಟ್ಟಿಕೊಂಡು ವಾಪಸಾಗುತ್ತದಂತೆ. ಚುಕ್ಕಿ ಮಾಯವಾದಾಗಲೇ ಕಣ್ಣಿಡಬೇಕಂತೆ. ನಾನೂ ಕಣ್ಣಿಟ್ಟಿದ್ದೆ, ಗಂಡನ ಮೇಲೆ.

ಅಷ್ಟರಲ್ಲಿ ತಮ್ಮ ಪ್ರಯಾಸದಿಂದ ತಿರುಗಿತು. ಆಚೆ ಮಗ್ಗುಲಲ್ಲಿ ಅದೇ ಸೊಟ್ಟ ಪಟ್ಟೆ. ಮೀನಿಗೆ ಎರಡು ಮಗ್ಗುಲಿರುತ್ತವೆ ಎಂಬುದು ಇಷ್ಟು ಓದಿದ ನನಗೆ ಹೊಳೆದೇ ಇರಲಿಲ್ಲ.

"ಬಾಯಿ ತೆರೀತಾನೇ ಇದೆ ಅಮ್ಮಾ," ಎಂದಳು ಪುಟ್ಟಿ, ಅಳುವ ದನಿಯಲ್ಲಿ.

ಮಾನ ಮರ್ಯಾದೆ ಬದಿಗಿಟ್ಟು ಕಚೇರಿಗೆ ಫೋನ್ ಮಾಡಿದೆ.

"ರೀ, ಇದು ಅದೇ ಮೀನು. ನಾನು ಇನ್ನೊಂದು ಮಗ್ಗುಲು ನೋಡಿರ್ಲಿಲ್ಲ. ಔಷಧಿ, ಬೇರೆ ತೊಟ್ಟಿ ತಗೊಂಡು ಈಗಲೇ ಬನ್ನಿ."

"ಹೊರಟೆ," ಎಂದರು. ಕುರ್ಚಿ ಸರಿದ ಸದ್ದು ಕೇಳಿತು. "ಬಾಗಿಲು ತೆಗೆಯೋಕೆ ಮುಂಚೆ ನನ್ನ ಎರಡೂ ಮಗ್ಗುಲು ನೋಡ್ಕೊಂಬಿಡು. ಆಮೇಲೆ ಗಂಡ ಬದಲಾಗಿದ್ದಾನೆ ಅನ್ಬೇಡ."