ಹಳೇ ಕಾರ್ಡಿಗೆ ‘ಬೇಡ’ ಎಂದ ಪದವೀಧರ

ನಮ್ಮ ವಂಶದಲ್ಲಿ ಬಿ.ಎಸ್ಸಿ. ಪಾಸಾದ ಮೊದಲ ಪ್ರಾಣಿ ನಾನು. ಅಮ್ಮ ಸೀಮೆಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಓದಿಸಿದಳು. ಹಾಗಾಗಿ ವಕ್ಕಲೇರಿ ಪಕ್ಕದ ನಮ್ಮೂರ ಡೇರಿಗೆ ಕಂಪ್ಯೂಟರ್ ಬಂದಾಗ, ಅದರ ಮುಂದೆ ಕೂರುವ ಯೋಗ್ಯತೆ ಯಾರಿಗಿದೆ ಎಂಬುದರಲ್ಲಿ ಯಾರಿಗೂ, ಮುಖ್ಯವಾಗಿ ನನಗೆ, ಅನುಮಾನವಿರಲಿಲ್ಲ.

ರೇಟು ಕಟ್ಟಲು ಹಾಲಿನ ಫ್ಯಾಟು ಅಳೆಯುವ ಮಿಷನ್ನಿನ ವೈರು ಆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿತ್ತು. ಒಳಗಿದ್ದು ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ಆನ್ ಮಾಡಿದರೆ ಎಮ್ಮೆ ಎದ್ದಂತೆ ಏಳುತ್ತಿತ್ತು. ಯಂತ್ರದ ಭಾಗಗಳನ್ನೆಲ್ಲ ಗುರುತು ಹಿಡಿಯುವ ಕರ್ನಲ್ ಎಂಬ ತಿರುಳನ್ನೇ ಹೊಸದಾಗಿ ಕಟ್ಟಿ, ಬೊಜ್ಜು ಇಳಿಸುವುದೆಂದು ತೀರ್ಮಾನಿಸಿದೆ.

ಬೆಳಗಿನ ಹಾಲು ಹೋದ ಮೇಲೆ ಕೂತೆ. ಪರದೆ ಒಂದೊಂದೇ ಪ್ರಶ್ನೆ ಕೇಳಿತು. ಐಎಸ್‌ಎ ಎಂಬ ಹಳೇ ಕಾಲದ ಸ್ಲಾಟಿನಲ್ಲಿ ಕೂರಿಸುವ ಕಾರ್ಡುಗಳಿಗೆ ಬೆಂಬಲ ಬೇಕೋ ಬೇಡವೋ? ಹಳೇದೇ! ‘ಬೇಡ’ ಎಂದೆ. ತಕ್ಷಣ ಅದಕ್ಕೆ ಸೇರಿದ ಪ್ರಶ್ನೆಗಳೆಲ್ಲ ಮಾಯವಾದವು. ಎಷ್ಟು ಬುದ್ಧಿವಂತ ಯಂತ್ರ ಎಂದು ಹಿಗ್ಗಿದೆ. ಡಿಸ್ಕಿನಲ್ಲಿ ಜಾಗ ಸಾಲದೆಂದು ಹಳೆಯ ಕರ್ನಲ್ಲನ್ನೂ ಅಳಿಸಿದೆ.

ಸಂಜೆ ಕ್ಯಾನುಗಳ ಸಾಲು ನಿಂತಿತು. ಯಂತ್ರ ಚುರುಕಾಗಿ ಎದ್ದಿತು. ಫ್ಯಾಟು ಮಾತ್ರ ಬರಲಿಲ್ಲ. ಮಿಷನ್ನಿನ ವೈರು ಸೇರಿದ್ದು ಅದೇ ಹಳೇ ಸ್ಲಾಟಿನ ಕಾರ್ಡಿಗೆ!

“ಏನ್ಲಾ, ಬೆಳಿಗ್ಗೆ ಚೆನ್ನಾಗೇ ಇತ್ತಲ್ಲೋ?” ಎಂದರು ಕಾರ್ಯದರ್ಶಿ ನಾರಾಯಣಪ್ಪ.

“ಈಗ ಇನ್ನೂ ಚೆನ್ನಾಗಿದೆ ಸಾರ್. ಅದಕ್ಕೆ ಮಿಷನ್ನು ಕಾಣಿಸ್ತಿಲ್ಲ, ಅಷ್ಟೆ.”

“ನಂಗೆ ಕಾಣಿಸ್ತೈತಲ್ಲಯ್ಯಾ, ಎದುರುಗಡೇನೇ! ಹೋಗ್ಲಿ, ಕೈಲಿ ಟೆಸ್ಟ್ ಮಾಡೋ ಸಾಮಾನು ತೆಗಿ.”

“ಗುಜರಿಗೆ ಹಾಕಿದ್ವಿ ಸಾರ್.”

“ಹಾಕ್ಸಿದ್ದು ಯಾರ್ಲಾ?”

ನಾನು ಪರದೆ ಒರೆಸತೊಡಗಿದೆ.

ಫ್ಯಾಟು ನೋಡದ ಹಾಲು ಎತ್ತುವುದಿಲ್ಲವೆಂದು ಹಾಲಿನ ಗಾಡಿ ಖಾಲಿಯೇ ಹೊರಟಿತು. ಏಪ್ರಿಲ್ ತಿಂಗಳ ಸೆಕೆ. ಜನ ಕ್ಯಾನು ಹೊತ್ತು ವಾಪಸಾದರು. ಕಾಯಿಸಲು ಅಷ್ಟು ಪಾತ್ರೆ ಯಾರ ಮನೆಯಲ್ಲಿತ್ತು? ಒಡೆದ ಹಾಲು ಮೋರಿಗೆ ಬಿತ್ತು, ಉಳಿದದ್ದು ಮೊಸರಾಯಿತು. ಇಡೀ ಊರಲ್ಲಿ ಮೊಸರು ಕೊಡುವವರೇ! ತಗೊಳ್ಳುವವರಿಲ್ಲ. ನಮ್ಮ ಅಮ್ಮ ತನ್ನ ಕ್ಯಾನನ್ನು ತಿಪ್ಪೆಗೆ ಸುರಿದು, ತೊಳೆದು, ಬೋರಲು ಹಾಕಿದಳು. ಬೈದಿದ್ದರೆ ಊಟ ಸೇರುತ್ತಿತ್ತು.

ರಾತ್ರಿಯೇ ಮತ್ತೆ ಕರ್ನಲ್ ಕಟ್ಟಿದೆ. ಕೇಳಿದ್ದಕ್ಕೆಲ್ಲ ‘ಬೇಕು’ ಎಂದೆ. ನಮ್ಮ ತಾಲ್ಲೂಕಿನಲ್ಲಿ ಹುಟ್ಟೇ ಇರದ ಕಾರ್ಡುಗಳಿಗೂ ಬೇಕು! ಬೆಳಿಗ್ಗೆ ಫ್ಯಾಟು ಬಂತು. ಹಾಲು ಬರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ, ಅರಳಿಕಟ್ಟೆ ಹತ್ತಿರ ಖಾಸಗಿ ಡೇರಿಯವನು ಮೊಪೆಡ್ ನಿಲ್ಲಿಸಿ ಹಾಲು ಅಳೆದುಕೊಳ್ಳುತ್ತಿದ್ದ. ಉದ್ದ ಸಾಲು. ಸಾಲಿನ ಮೊದಲಿಗೆ ಅಮ್ಮ.

ಓಡಿದೆ. “ಅಮ್ಮಾ, ಅವ್ನು ಲ್ಯಾಕ್ಟೋಮೀಟರ್ ಅದ್ದಿ ಕಣ್ಣಂದಾಜಲ್ಲಿ ರೇಟು ಹಾಕ್ತಾನೆ! ಮೋಸ! ಅವ್ನು ಏನೂ ಓದಿಲ್ಲ.”

“ಗೊತ್ತು ಕಣೋ,” ಎಂದಳು ಅಮ್ಮ, ಕ್ಯಾನಿನ ಮುಚ್ಚಳ ತೆಗೆಯುತ್ತ. “ಅದ್ಕೇ ಧೈರ್ಯ.”