ಉಸುಕಿನೊಳಗಿನ ಬಾಣಂತಿಯರು

ರಬಕವಿಯ ನಮ್ಮ ಸೋದರತ್ತೆ ಹುಳಗಳ ಸಲುವಾಗಿ ಹೆತ್ತ ಮಗನ ಮದುವೆಯನ್ನೇ ಪೇಚಿಗೆ ಸಿಕ್ಕಿಸಿದವಳು ಎಂದರೆ ನಂಬುತ್ತೀರಾ? ನಂಬಲೇಬೇಕು, ನಾನು ಅಲ್ಲೇ ಇದ್ದೆ!

ಅವರ ಮನೆಯೆಂದರೆ ಒಂದು ಪಡಸಾಲೆ, ಒಂದು ಕೋಣೆ, ಉಳಿದದ್ದೆಲ್ಲ ಮಗ್ಗ. ಹೊಸ ಜೋಡಿಗೊಂದು ಕೋಣೆ ಕಟ್ಟಿಸಲು ಅಂಗಳದಲ್ಲಿ ಉಸುಕು ಹಾಕಿಸಿದ್ದರು. ಗೌಂಡಿ ಸಲಿಕೆ ಎತ್ತುವಷ್ಟರಲ್ಲಿ ಅತ್ತೆ ಅಡ್ಡ ನಿಂತಳು. ಸಣ್ಣ ಸೊಂಟದ ಕಣಜವೊಂದು ತನಗಿಂತ ದೊಡ್ಡ ಹಸಿರು ಹುಳವನ್ನು ಚುಚ್ಚಿ ಸುಮ್ಮನಾಗಿಸಿ, ಎಳೆದು ತಂದು ಉಸುಕಿನ ತೂತಿಗೆ ಇಳಿಸುತ್ತಿತ್ತು. ಒಳಗೆ ತತ್ತಿಯಿಟ್ಟು ಹೊರಬಂದು, ತೂತು ಮುಚ್ಚಿ, ಬಾಯಲ್ಲಿ ಹರಳು ಹಿಡಿದು ತಟ್ಟಿ ತಟ್ಟಿ ಸಮ ಮಾಡಿತು. ಇಷ್ಟು ನಯವಾಗಿ ಗಿಲಾವು ಮಾಡುವುದಾದರೆ ಮಾತ್ರ ಬಾ ಎಂದು ಅತ್ತೆ ಗೌಂಡಿಗೆ ಹೇಳಿದಳು. ಅವನು ಮತ್ತೆ ಬರಲಿಲ್ಲ!

ಅಂದಿನಿಂದ ಅತ್ತೆಯ ಊಟ, ಜೋಳ ಹಸನು ಮಾಡುವುದು ಎಲ್ಲ ಉಸುಕಿನ ಬದಿಗೇ. ಬೆಕ್ಕು ಬಂದರೆ ಕೋಲು, ಮಗ ಬಂದರೆ ಬೈಗುಳ. ಮಾವ ಒಮ್ಮೆ ಸೀಮೆಎಣ್ಣೆ ಸುರಿಯುವ ಮಾತೆತ್ತಿದರು. ಅಂದು ಅವರಿಗೆ ಚಹಾ ಸಿಗಲಿಲ್ಲ.

ಅಷ್ಟರಲ್ಲಿ ಬೀಳಗಿಯ ಬೀಗರು ಹುಡುಗಿಯನ್ನೂ ಕರೆದುಕೊಂಡು ಮನೆ ನೋಡಲು ಬಂದರು. ಹೊಸ ಕೋಣೆ ಎಲ್ಲಿ ಎಂದು ಹುಡುಗಿಯ ಅಪ್ಪ ಕೇಳಿದರು. ಅತ್ತೆ ಉಸುಕಿನತ್ತ ಕೈ ತೋರಿಸಿದಳು.

"ಸ್ವಲ್ಪ ದಿನ ತಡೀರಿ. ಅಲ್ಲಿ ಬಾಣಂತ್ಯಾರು ಅದಾರ."

ಬೀಗರು ಉಸುಕು ನೋಡಿದರು, ಅತ್ತೆಯನ್ನು ನೋಡಿದರು, ಮೆಲ್ಲಗೆ ಚಪ್ಪಲಿ ಮೆಟ್ಟತೊಡಗಿದರು. ಸಂಬಂಧ ಮುರಿಯಿತೆಂದು ಮಾವ ಕಂಬಕ್ಕೊರಗಿ ಕುಳಿತುಬಿಟ್ಟರು.

ಹುಡುಗಿ ಮಾತ್ರ ನಿರಿಗೆ ಎತ್ತಿಕೊಂಡು ಉಸುಕಿನ ಬಳಿ ಕುಕ್ಕರಿಸಿದಳು. ಅತ್ತೆ ಮುಚ್ಚಿದ ತೂತು ತೋರಿಸಿ ಕಣಜದ ಕತೆ ಹೇಳಿದ ಮೇಲೆ, ಮರಿ ನೋಡಲು ತಾಯಿ ಯಾವಾಗ ಬರುತ್ತದೆ ಎಂದು ಕೇಳಿದಳು.

"ಬರಂಗಿಲ್ಲ ಬಿಡವಾ. ಬುತ್ತಿ ಇಟ್ಟು ಹೋತಂದ್ರ ಹೋತು. ಮಕ್ಕಳ ಮಾರಿ ಅದು ನೋಡೂದೇ ಇಲ್ಲ."

ಅಂದ ಮೇಲೆ ಅತ್ತೆ ನಾಲಿಗೆ ಕಚ್ಚಿಕೊಂಡಳು. ಹುಡುಗಿಯನ್ನು ಹೆತ್ತ ವರ್ಷವೇ ಅವಳ ತಾಯಿ ತೀರಿಕೊಂಡಿದ್ದು ನಮಗೆಲ್ಲ ಗೊತ್ತಿತ್ತು. ಹುಡುಗಿ ಆ ಮುಚ್ಚಿದ ತೂತಿನ ಮೇಲೆ ಬಿದ್ದಿದ್ದ ಒಣ ಎಲೆಯನ್ನು ಮೆಲ್ಲಗೆ ತೆಗೆದಳು.

"ಇವು ಹೊರಗ ಬರೂತನಕ ಕೋಣಿ ಬ್ಯಾಡ್ರಿ ಅತ್ತಿ. ನಾನೂ ನೋಡಬೇಕು."

ಅಪ್ಪ ಮಗಳ ಮುಖ ನೋಡಿ, ಮೆಟ್ಟಿದ ಚಪ್ಪಲಿ ಕಳಚಿದರು.

ಮದುವೆ ಆಯಿತು. ಮಗ-ಸೊಸೆಗೆ ಇದ್ದೊಂದು ಕೋಣೆ ಬಿಟ್ಟುಕೊಟ್ಟು ಅತ್ತೆ, ಮಾವ ಪಡಸಾಲೆಗೆ ಬಂದರು. ಒಂದು ಬಿಸಿಲಿನ ಬೆಳಿಗ್ಗೆ ಉಸುಕು ಕದಲಿತು. ಎಳೆಯ ಕಣಜವೊಂದು ಹೊರಬಂದು, ಮೀಸೆ ಒರೆಸಿಕೊಂಡು, ಹಾರಿತು. ಸೊಸೆ ಅತ್ತೆಯ ತೋಳು ಹಿಡಿದಳು.

"ಯವ್ವಾ, ತಾನ ದಾರಿ ಹುಡುಕ್ಕೊಂಡು ಹೋತು ನೋಡು."

ಅಲ್ಲಿಯವರೆಗೆ ಅವಳು ಅತ್ತೆಯನ್ನು ಅವ್ವ ಎಂದು ಕರೆದವಳಲ್ಲ. ಅತ್ತೆ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಒಳಗೆ ಹೋದಳು. ಕಣ್ಣಿಗೆ ಎಳೆ ಕಾಣದೆ ನೂಲು ಮತ್ತೆ ಮತ್ತೆ ಕಡಿಯುತ್ತಿತ್ತು.