ಹೋರಿ ಲಕ್ಷಣದ ಪಿಕಪ್

ಶಿಕಾರಿಪುರದ ಪಂಚಾಕ್ಷರಪ್ಪನವರಿಗೆ ಹೋರಿ ನೋಡಲು ಬರುತ್ತದೆ. ಈ ಸಂಗತಿಯನ್ನು ಊರು ಮರೆಯಬೇಕೆಂದರೂ ಅವರು ಬಿಡುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಅವರು ಆರಿಸಿ ತಂದಿದ್ದ ‘ಮಿಂಚಿನ ಮಾವ’ ಎಂಬ ಹೋರಿ, ದೀಪಾವಳಿ ಕಳೆದ ಮೇಲೆ ನಡೆಯುವ ಹೋರಿ ಹಬ್ಬಗಳಲ್ಲಿ ಕೊರಳ ತುಂಬ ಕೊಬ್ಬರಿ ಸರ ಕಟ್ಟಿಕೊಂಡು ಜನರ ನಡುವೆ ನುಗ್ಗಿದರೆ, ಒಂದೇ ಒಂದು ಬಟ್ಟಲು ಕೊಬ್ಬರಿಯನ್ನೂ ಯಾರಿಗೂ ಹರಿದುಕೊಳ್ಳಲು ಬಿಡುತ್ತಿರಲಿಲ್ಲ. ಬಿಡುವ ಮುನ್ನ ಪಂಚಾಕ್ಷರಪ್ಪನವರು ಅದರ ಕಿವಿಯಲ್ಲಿ ‘ಯಾರ ಕೈಗೂ ಸಿಗಬ್ಯಾಡಪ್ಪ’ ಎಂದು ಪಿಸುಗುಟ್ಟುತ್ತಿದ್ದರಂತೆ. ಹೋರಿ ಈಗಿಲ್ಲ. ಅದರ ಕೀರ್ತಿ ಮಾತ್ರ ಯಜಮಾನರ ಬಾಯಲ್ಲಿ ಸುಖವಾಗಿದೆ. ಮನೆಗೆ ಮಿಕ್ಸರ್ ತರುವುದಿರಲಿ, ಮಗಳಿಗೆ ಗಂಡು ನೋಡುವುದಿರಲಿ, ‘ಹೋರಿ ಆರಿಸಿದೋನಿಗೆ ಇದೇನು ಮಹಾ’ ಎಂದು ಅವರೇ ಮುಂದಾಗುತ್ತಾರೆ. (ಆ ಮಿಕ್ಸರ್ ಈಗ ಅಟ್ಟದ ಮೇಲಿದೆ. ಅಳಿಯನ ಮಾತು ಬೇಡ.)

ಅವರ ಹೆಂಡತಿ ಕರುಣಾ ಏನನ್ನೂ ಆರಿಸಿದೆನೆಂದು ಹೇಳಿಕೊಂಡವರಲ್ಲ. ಹಿತ್ತಲಲ್ಲಿ ಒಂದು ಒಲೆ ಹೂಡಿ ಖಡಕ್ ಜೋಳದ ರೊಟ್ಟಿ ಬಡಿಯಲು ಶುರು ಮಾಡಿದವರು, ಈಗ ಎಂಟು ಹೆಂಗಸರಿಗೆ ಕೆಲಸ ಕೊಟ್ಟಿದ್ದರು. ಆ ಮನೆಯಲ್ಲಿ ಒಂದು ಕಾನೂನಿತ್ತು. ಇಡೀ ರೊಟ್ಟಿ ಗಿರಾಕಿಗೆ, ಮುರಿದ ರೊಟ್ಟಿ ಮನೆಗೆ. ಪಂಚಾಕ್ಷರಪ್ಪನವರಿಗೆ ರೊಟ್ಟಿಯೆಂದರೆ ಪ್ರಾಣ. ಅನ್ನವೆಂದರೆ ಆಸ್ಪತ್ರೆ ನೆನಪಾಗುತ್ತದೆ. ಕಾನೂನಿನಿಂದ ಅವರಿಗೆ ಇದುವರೆಗೆ ತೊಂದರೆಯೇನೂ ಆಗಿರಲಿಲ್ಲ. ಯಾಕೆಂದರೆ ಸೊರಬಕ್ಕೆ ರೊಟ್ಟಿ ಹೋಗುತ್ತಿದ್ದುದು ಬಸ್ಸಿನಲ್ಲಿ. ಹತ್ತುವಾಗ ರೊಟ್ಟಿಯಾಗಿದ್ದದ್ದು ಇಳಿಯುವಾಗ ಚೂರಾಗಿರುತ್ತಿತ್ತು. ಆ ಚೂರುಗಳೆಲ್ಲ ಸಂಜೆಯ ಬಸ್ಸಿಗೆ ವಾಪಸ್ ಬಂದು, ಮೊಸರು, ಶೇಂಗಾ ಚಟ್ನಿಯ ಜೊತೆ ಯಜಮಾನರ ತಟ್ಟೆ ಸೇರುತ್ತಿದ್ದವು.

ಒಂದು ದಿನ ಸೊರಬದಲ್ಲಿ ಊಟದ ಹೋಟೆಲ್ ನಡೆಸುವ ಸತ್ಯವತಿಯವರು ಫೋನ್ ಮಾಡಿದರು. “ಕರುಣಕ್ಕಾ, ಒಂದನೇ ತಾರೀಕಿಂದ ದಿನಾ ಇನ್ನೂರು ರೊಟ್ಟಿ ಬೇಕು ಮಾರಾಯ್ತಿ. ಆದ್ರೆ ಇಡೀದು ಬರ್ಬೇಕು. ಮೊದಲ್ನೇ ದಿನ್ವೇ ಚೂರು ಬಂದ್ರೆ ನಾನು ಬೇರೆಯವ್ರಿಗೆ ಹೇಳ್ತೆ, ಬೇಜಾರ್ ಮಾಡ್ಕಬೇಡಿ.”

ಕರುಣಾ ಅಂದು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ದಿನಕ್ಕೆ ಇನ್ನೂರು ರೊಟ್ಟಿಯೆಂದರೆ ಎಂಟು ಹೆಂಗಸರಿಗೂ ವರ್ಷಪೂರ್ತಿ ಕೆಲಸ. ತಪ್ಪಿದರೆ ಅರ್ಧ ಜನರನ್ನು ಮನೆಗೆ ಕಳಿಸಬೇಕು.

“ಬಸ್ಸು ಸಾಕು ರೀ. ಒಂದು ಪಿಕಪ್ ತಗಳಣ. ಸೆಕೆಂಡ್ ಹ್ಯಾಂಡ್ ಆದ್ರೂ ಅಡ್ಡಿಯಿಲ್ಲ. ದಾರೀಲಿ ಕೈ ಕೊಡಬಾರ್ದು, ಡೀಸೆಲ್ ಕಮ್ಮಿ ಕುಡೀಬೇಕು.”

“ಅದನ್ನ ನನಗೆ ಬಿಡು.”

“ನಿಮಗೆ ಗಾಡಿ ಹೊಡಿಯಾಕ ಬರಲ್ಲ.”

“ನಾನೇನು ಹೋರಿ ಜೊತಿಗೆ ಓಡ್ತಿದ್ನಾ? ಆರಿಸಿದ್ನೋ ಇಲ್ಲೋ?”

ಈ ಪ್ರಶ್ನೆಗೆ ಉತ್ತರ ಕೊಟ್ಟವರು ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಕರುಣಾ ಸುಮ್ಮನೆ ತಮ್ಮ ಸಂಗಮೇಶನಿಗೆ ಫೋನ್ ಮಾಡಿದರು. ಅವನು ಊರಲ್ಲೇ ಮೆಕ್ಯಾನಿಕ್, ಗಾಡಿಯನ್ನೂ ಅವನೇ ಓಡಿಸುವುದೆಂದು ತೀರ್ಮಾನವಾಗಿತ್ತು. ಹೀಗೆ ಪಿಕಪ್ ಶೋಧನಾ ಮಂಡಳಿ ರಚನೆಯಾಯಿತು. ಅಧ್ಯಕ್ಷರು ಯಾರೆಂದು ಹೇಳಬೇಕಾಗಿಲ್ಲ.

ಮೊದಲ ಗಾಡಿ ಶಿಕಾರಿಪುರದಲ್ಲೇ ಇತ್ತು. ಪಂಚಾಕ್ಷರಪ್ಪನವರು ಅದರ ಸುತ್ತ ಮೂರು ಸುತ್ತು ಬಂದರು. ಮುಂದಿನ ಬಾನೆಟ್ ಎತ್ತಿ ಹಲ್ಲು ನೋಡುವವರಂತೆ ಇಣುಕಿದರು. ಹಿಂದೆ ಹೋಗಿ ಬಾಗಿಲಿಗೆ ಪಟ್ಟನೆ ಒಂದು ಏಟು ಕೊಟ್ಟರು. ಗಾಡಿ ಒದೆಯಲಿಲ್ಲ. ಅಷ್ಟರಲ್ಲಿ ಗಾಡಿಯಡಿ ಮಲಗಿದ್ದ ಸಂಗಮೇಶ ಹೊರಬಂದು, “ಭಾವ, ಹೊಗೆ ನೀಲಿ ಬರ್ತೈತಿ, ಇಂಜಿನ್ ಮುಗಿದೈತಿ” ಎಂದ.

“ಅದನ್ನ ನಾನು ಆಗಲೇ ಹೇಳಿದ್ನಲ್ಲ, ಇದರ ಹಣೆ ಮೇಲಿನ ಸುಳಿ ಸರಿಯಿಲ್ಲ,” ಎಂದರು ಭಾವ. (ಹೇಳಿರಲಿಲ್ಲ. ಸುಳಿಯೆಂದರೆ ಮುಂದಿನ ತಗಡಿನಲ್ಲಿ ಬಿದ್ದಿದ್ದ ನೆಗ್ಗು.)

ಆದರೂ ಒಂದು ಸುತ್ತು ಹೋಗಿ ಬಂದರು. ಕರುಣಾ ತಮ್ಮ ಜೊತೆ ಒಂದು ಡಬ್ಬಿ ತಂದಿದ್ದರು. ಅದನ್ನು ಹಿಂದೆ ಸಾಮಾನು ಹೇರುವ ಜಾಗದಲ್ಲಿ ಇಟ್ಟರು. ಬಂದ ಮೇಲೆ ಮುಚ್ಚಳ ತೆರೆದು ನೋಡಿ, ಗಂಡನ ಮುಂದೆ ಹಿಡಿದರು. “ತಿನ್ರಿ.” ಒಳಗೆ ಇಪ್ಪತ್ತು ರೊಟ್ಟಿಯ ಪೈಕಿ ಮೂರು ಮಾತ್ರ ಇಡಿಯಾಗಿದ್ದವು. ಹೆಂಡತಿ ಬುತ್ತಿ ಕಟ್ಟಿಕೊಂಡು ಬಂದಿದ್ದಾಳಲ್ಲ ಎಂದು ಪಂಚಾಕ್ಷರಪ್ಪನವರ ಕಣ್ಣು ತುಂಬಿತು. ಹೊಟ್ಟೆಯೂ ತುಂಬಿತು.

ಎರಡನೆಯ ಗಾಡಿ ಬಳ್ಳಿಗಾವಿಯಲ್ಲಿತ್ತು. ಅದನ್ನು ಕಂಡೊಡನೆ ಯಜಮಾನರು ಗದ್ಗದಿತರಾದರು. ಹಾಲಿನಂಥ ಬಿಳಿ ಬಣ್ಣ, ಎತ್ತಿದ ಮುಖ, ತಲೆಯ ಮೇಲೆ ಎರಡು ಕಡೆ ಕೊಂಬಿನಂತೆ ಹಾರ್ನು. “ಮಿಂಚಿನ ಮಾವನೇ ಮರುಜನ್ಮ ಎತ್ತಿ ಬಂದಾನ!” ಎಂದು ಕನ್ನಡಿಯ ಹತ್ತಿರ ಬಾಗಿ ಅದರ ಕಿವಿಯಲ್ಲಿ ಏನೋ ಹೇಳಿದರು. ಸಂಗಮೇಶ ಓಡಿಸಿ ನೋಡಿ ಬಂದು, ಲೀಟರಿಗೆ ಹತ್ತು ದಾಟುವುದಿಲ್ಲ ಎಂದ. ಕರುಣಾ ಡಬ್ಬಿ ತೆರೆದರು. ಹನ್ನೊಂದು ಮುರಿದಿದ್ದವು. “ತಿನ್ರಿ.” ಯಜಮಾನರು ತಿಂದರು. ಬಾಯಲ್ಲಿ ರೊಟ್ಟಿಯಿದ್ದುದರಿಂದ ಅಡ್ವಾನ್ಸ್ ಕೊಡುವ ಮಾತು ಸ್ಪಷ್ಟವಾಗಿ ಹೊರಬರಲಿಲ್ಲ. ಅಷ್ಟರೊಳಗೆ ಕರುಣಾ ಅವರನ್ನು ಬಸ್ಸು ಹತ್ತಿಸಿದ್ದರು.

ಮೂರನೆಯದು ಸೊರಬದ ನಾಗಪತಿಯವರದು. ಅವರು ನರ್ಸರಿ ಇಟ್ಟುಕೊಂಡವರು. ಎಂಟು ವರ್ಷ ಆ ಗಾಡಿಯಲ್ಲಿ ಸಸಿ ಸಾಗಿಸಿದ್ದರು. ಗಾಡಿಯ ಬಣ್ಣ ಇಂಥದೇ ಎಂದು ಹೇಳುವುದು ಕಷ್ಟ. ಒಂದು ಹೆಡ್‌ಲೈಟ್ ರಸ್ತೆಯನ್ನು ನೋಡಿದರೆ ಇನ್ನೊಂದು ಪಕ್ಕದ ಮನೆಯನ್ನು ನೋಡುತ್ತಿತ್ತು.

“ಎಂತ ಹೇಳ್ಲಿ ಮಾರಾಯ್ರೇ, ಇದ್ರಲ್ಲಿ ತಗಂಡು ಹೋದ ಸಸಿ ಒಂದೂ ಬುಡ ಅಲ್ಲಾಡ್ಲಿಲ್ಲ. ಅಷ್ಟು ಮೆತ್ತಗೆ ಹೋಗ್ತು,” ಎಂದರು ನಾಗಪತಿ.

“ಸಸಿ ಹೊರೋದು ಕತ್ತಿ ಕೆಲಸ ಕಣ್ರೀ,” ಎಂದು ಪಂಚಾಕ್ಷರಪ್ಪನವರು ಮುಖ ತಿರುಗಿಸಿದರು. (ಕತ್ತೆಯೆಂದು ಅವರ ಅರ್ಥ.)

ಸಂಗಮೇಶ ಟ್ಯಾಂಕನ್ನು ಬಾಯಿತನಕ ತುಂಬಿಸಿ, ಎಲ್ಲರನ್ನೂ ಕೂರಿಸಿಕೊಂಡು ಶಿರಾಳಕೊಪ್ಪಕ್ಕೆ ಹೋಗಿ ಬಂದು, ಮತ್ತೆ ಬಾಯಿತನಕ ತುಂಬಿಸಿ ಲೆಕ್ಕ ಹಾಕಿದ. ಲೀಟರಿಗೆ ಹದಿನಾರು! ಕರುಣಾ ಹಿಂದೆ ಹೋಗಿ ಡಬ್ಬಿ ತೆರೆದರು. ಇಪ್ಪತ್ತಕ್ಕೆ ಇಪ್ಪತ್ತೂ ಹುಣ್ಣಿಮೆ ಚಂದ್ರರಂತೆ ದುಂಡಗೆ ಕೂತಿದ್ದವು. ಅವರ ಎದೆ ಹಗುರಾಯಿತು. ಸದ್ದಿಲ್ಲದೆ ಮುಚ್ಚಳ ಹಾಕಿದರು.

“ಇದರ ಮುಖ ನೋಡು ಕರುಣಾ! ಬೆಳಿಗ್ಗೆ ಎದ್ದು ನೋಡೋ ಮುಖನಾ ಇದು? ನಡಿ ಬಳ್ಳಿಗಾವಿಗೆ.”

ಕರುಣಾ ವಾದ ಮಾಡಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ವಾದ ಮಾಡಿ ಗೆದ್ದದ್ದಕ್ಕಿಂತ ಒಪ್ಪಿಕೊಂಡು ಗೆದ್ದದ್ದೇ ಹೆಚ್ಚು. “ಹೌದ್ರೀ, ನಂಗೂ ಇದು ಬ್ಯಾಡ ಅನ್ಸುತ್ತೆ. ನಿಮ್ಮಂಥೋರ ಕಣ್ಣಿಗೇ ಇದರ ಲಕ್ಷಣ ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಲೇ ಅರ್ಥ. ಮಿಂಚಿನ ಮಾವಂದೂ ಒಂದು ಕಣ್ಣು ಹಿಂಗೇ ವಾರೆ ಇತ್ತು, ತಂದಾಗ ಊರೋರೆಲ್ಲ ನಕ್ಕಿದ್ರು. ಆದ್ರೆ ಅದನ್ನ ಗುರುತು ಹಿಡಿದೋರ ಕಣ್ಣು ಆಗ ಇನ್ನೂ ಚುರುಕಿತ್ತು ಬಿಡ್ರಿ.”

ಪಂಚಾಕ್ಷರಪ್ಪನವರು ನಿಂತರು. ತಿರುಗಿದರು. ವಾರೆ ಹೆಡ್‌ಲೈಟನ್ನು ದಿಟ್ಟಿಸಿದರು. ಸುತ್ತ ಮೂರು ಸುತ್ತು ಬಂದರು. ನಾಲ್ಕನೆಯ ಸುತ್ತಿಗೆ ಅವರ ದನಿ ಏರಿತ್ತು. “ಏ, ಬರ್ರಿ ಇಲ್ಲಿ! ನಿಮಗೆ ಯಾರಿಗೂ ಕಣ್ಣಿಲ್ಲೇನು? ಇದನ್ನ ಬಿಟ್ಟು ಹೋಗ್ತಿದ್ರಲ್ಲೋ!”

ಗಾಡಿ ಮನೆಗೆ ಬಂತು.

ಒಂದನೇ ತಾರೀಕು ಬೆಳಿಗ್ಗೆ ಇನ್ನೂರು ರೊಟ್ಟಿ ನಾಲ್ಕು ಡಬ್ಬಿಯಲ್ಲಿ ಏರಿದವು. ಕರುಣಾ ದೇವರಿಗೆ ದೀಪ ಹಚ್ಚಿ ಹೊರಗೆ ಬಂದು ನೋಡುತ್ತಾರೆ, ಗಾಡಿಯ ಕೊರಳಿಗೆ ಎರಡು ಮಾರು ಕೊಬ್ಬರಿ ಸರ! ಮೈತುಂಬ ಬಲೂನು! ಬಾನೆಟ್ಟಿನ ಮೇಲೆ ‘ಮಿಂಚಿನ ಮಾವ – 2’ ಎಂಬ ಬರಹ. ಹೆಗಲಿಗೆ ಶಾಲು, ತಲೆಗೆ ಪೇಟ ಸುತ್ತಿದ ಯಜಮಾನರು ಡಬ್ಬಿಗಳ ನಡುವೆ ನಿಂತಿದ್ದಾರೆ.

“ಇದೇನ್ರೀ ಅವತಾರ?”

“ಹೊಸ ಹೋರಿನ ಬೋಳು ಕೊರಳಲ್ಲಿ ಕಳಿಸ್ತಾರೇನೇ?”

ಬಿಚ್ಚಲು ಹೊತ್ತಿರಲಿಲ್ಲ. ಹೊರಟರು. ಅರ್ಧ ದಾರಿ ಸುಖವಾಗಿತ್ತು. ಮುಂದಿನ ಊರಿನ ತಿರುವಿನಲ್ಲಿ ಸಂಗಮೇಶ ಬ್ರೇಕ್ ಒತ್ತಿದ. ಅಂದು ಅಲ್ಲಿ ಹೋರಿ ಹಬ್ಬ. ರಸ್ತೆಯ ಎರಡೂ ಬದಿ ಬೇಲಿ, ಬೇಲಿಯಾಚೆ ಜನ, ಬೇಲಿಯೊಳಗೆ ಹೋರಿಗಾಗಿ ಕಾದು ಕಾದು ಕೈ ತುರಿಸುತ್ತಿದ್ದ ಐವತ್ತು ಗಟ್ಟಿಗರು. ಕೊಬ್ಬರಿ ಕಂಡಿದ್ದೇ ತಡ, ಮೈಕಿನವನಿಗೆ ಆವೇಶ ಬಂತು. “ಬಂತು ನೋಡ್ರಪ್ಪೋ ಬಂತು! ಶಿಕಾರಿಪುರದ ಮಿಂಚಿನ ಮಾವ, ನಂಬರ್ ಎರಡು! ಹಿಡೀರಿ, ಹಿಡೀರಿ!”

ಐವತ್ತು ಜನವೂ ನುಗ್ಗಿದರು. “ಅಕ್ಕಾ, ಏನ್ಮಾಡ್ಲಿ?” ಎಂದ ಸಂಗಮೇಶ. “ಹೊಡಿಯೋ!” ಎಂದರು ಕರುಣಾ. ಗಾಡಿ ಗುಂಡಿ ಹಾರಿತು, ದಿಣ್ಣೆ ಏರಿತು, ಚರಂಡಿಯ ಅಂಚಿಗೆ ಒಂದು ಚಕ್ರ ಇಳಿಸಿ ಮೇಲೆದ್ದಿತು. ಬಲೂನುಗಳು ಪಟಪಟ ಒಡೆದವು. ಹಿಂದಿನಿಂದ ಪಂಚಾಕ್ಷರಪ್ಪನವರ “ಯಾರ ಕೈಗೂ ಸಿಗಬ್ಯಾಡಪ್ಪೋ!” ಎಂಬ ಆರ್ತನಾದ ಕೇಳುತ್ತಿತ್ತು. ಗಾಡಿ ಸಿಕ್ಕಿತು. ಕೊಬ್ಬರಿ ಸರ ಹೋಯಿತು, ಪೇಟ ಹೋಯಿತು, ಶಾಲೂ ಹೋಯಿತು. ಹನ್ನೊಂದು ವರ್ಷದ ದಾಖಲೆ ಎರಡು ನಿಮಿಷದಲ್ಲಿ ಮುಗಿಯಿತು.

ಸೊರಬ ಮುಟ್ಟುವವರೆಗೆ ಕರುಣಾ ತಿರುತಿರುಗಿ ಡಬ್ಬಿಗಳನ್ನೇ ನೋಡುತ್ತಿದ್ದರು. ಅಷ್ಟು ಕುಲುಕಾಟದಲ್ಲಿ ರೊಟ್ಟಿ ಉಳಿದಿರುವುದು ಸಾಧ್ಯವೇ? ಸತ್ಯವತಿಯವರು ಒಂದೊಂದೇ ಡಬ್ಬಿ ತೆರೆದು ಎಣಿಸತೊಡಗಿದಾಗ ಅವರು ಸೆರಗಿನ ತುದಿ ಬಿಗಿಯಾಗಿ ಹಿಡಿದು ನಿಂತಿದ್ದರು. ಐವತ್ತು. ನೂರು. ನೂರೈವತ್ತು. ಇನ್ನೂರು. ಒಂದೂ ಮುರಿದಿರಲಿಲ್ಲ!

“ನಾಳೆಯಿಂದ ಇನ್ನೂರೈವತ್ತೇ ತಗಂಡ್ ಬನ್ನಿ,” ಎಂದರು ಸತ್ಯವತಿ. ಕರುಣಾ ನಡುಬೀದಿಯಲ್ಲೇ ಜೋರಾಗಿ ನಕ್ಕರು. ಸಂಗಮೇಶ ಹಾರ್ನ್ ಬಾರಿಸಿದ. ಪೇಟವಿಲ್ಲದ ತಲೆಯನ್ನು ಎತ್ತಿ ಹಿಡಿದು ಪಂಚಾಕ್ಷರಪ್ಪನವರು, “ಆರಿಸಿದ್ನೋ ಇಲ್ಲೋ?” ಎಂದು ಮೀಸೆ ತಿರುವಿದರು.

ಮಧ್ಯಾಹ್ನ ಮನೆಗೆ ಬಂದು ಎಲೆಯ ಮುಂದೆ ಕೂತರು. ಓಡಾಟದ ಹಸಿವು. ಮೊಸರಿತ್ತು, ಶೇಂಗಾ ಚಟ್ನಿ ಇತ್ತು, ಎಣ್ಣೆಗಾಯಿ ಘಮಘಮಿಸುತ್ತಿತ್ತು. ಕರುಣಾ ಬಂದು ಅನ್ನ ಬಡಿಸಿದರು.

“ರೊಟ್ಟಿ?”

“ಮುರಿದಿದ್ರೆ ತಾನೇ?”

ಪಂಚಾಕ್ಷರಪ್ಪನವರು ಅನ್ನವನ್ನು ನೋಡಿದರು, ಹೆಂಡತಿಯನ್ನು ನೋಡಿದರು. “ಹಿಂದೆಲ್ಲ ಗಾಡಿ ನೋಡಾಕ ಹೋದಾಗ ಡಬ್ಬಿ ತರ್ತಿದ್ಯಲ್ಲ, ಬುತ್ತಿ?”

“ಬುತ್ತಿ ಅಲ್ಲ ರೀ, ಅದು ಪರೀಕ್ಷೆ. ಈಗ ಗಾಡಿ ಪಾಸಾಯ್ತಲ್ಲ. ಎಂಥಾ ಗಾಡಿ ಆರಿಸೀರಿ ನೀವು, ಒಂದು ಚೂರೂ ಮುರಿಯಂಗಿಲ್ಲ!”

ಮರುದಿನ ಬೆಳಿಗ್ಗೆ ಗಾಡಿ ಹೊರಡುವ ಮುನ್ನ ಪಂಚಾಕ್ಷರಪ್ಪನವರು ಅತ್ತಿತ್ತ ನೋಡಿ, ಕನ್ನಡಿಯ ಪಕ್ಕ ಬಾಗಿ, ಅದರ ಕಿವಿಯಲ್ಲಿ ಪಿಸುಗುಟ್ಟಿದರು. “ದಿನಾ ಬ್ಯಾಡಪ್ಪ. ಎರಡು ದಿನಕ್ಕೊಮ್ಮೆ, ಒಂದೇ ಒಂದು ಗುಂಡಿ. ನಾಕು ರೊಟ್ಟಿ ಮುರಿದ್ರೆ ಸಾಕು.”

ಕನ್ನಡಿಯೊಳಗೆ ಕರುಣಾ ಅವರ ಮುಖ ಕಾಣಿಸಿತು. ಅವರು ಆಗಲೇ ಒಳಗೆ ಕೂತಿದ್ದರು.

“ಕೇಳಿಸ್ತು ರೀ. ಹಿಂದೆ ಹತ್ತಿ ಡಬ್ಬಿ ಗಟ್ಟಿ ಹಿಡ್ಕಳ್ರಿ.”